ಜ್ವರ ಬಂದ ಮಗುವಿನ ರಕ್ತವನ್ನು ಅದೇ ದಿನ ಪರೀಕ್ಷಿಸಿ: ಕೊಡಗಿನಿಂದ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಮೂರು ಅರ್ಜಿ ಕೊಟ್ಟಾಯಿತು. ಒಂದಕ್ಕೂ ಉತ್ತರವಿಲ್ಲ. ಕಚೇರಿಯ ಬಾಗಿಲಲ್ಲಿ ಇನ್ನು ಕಾಯಲಾರೆ, ಆದ್ದರಿಂದ ಎಲ್ಲರೂ ಓದಲಿ ಎಂದೇ ಬರೆಯುತ್ತಿದ್ದೇನೆ. ನನ್ನ ಬೇಡಿಕೆ ಒಂದೇ: ನಮ್ಮ ಆರೋಗ್ಯ ಕೇಂದ್ರಕ್ಕೆ ಜ್ವರವೆಂದು ಬಂದ ಮಗುವಿಗೆ ಅದೇ ದಿನ ಮಲೇರಿಯಾ ಪರೀಕ್ಷೆ ಆಗಬೇಕು.

ನನ್ನ ಗಂಡ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು. ಮಗನಿಗೆ ಏಳು ವರ್ಷ. ಕಳೆದ ದಸರಾ ರಜೆಯಲ್ಲಿ ಅವನು ಮಂಗಳೂರಿನ ಅತ್ತೆಯ ಮನೆಯಲ್ಲಿದ್ದು ಬಂದ. ತುಲಾ ಸಂಕ್ರಮಣ ಕಳೆದು ವಾರವಾಗಿತ್ತು, ಒಂದು ಮಧ್ಯಾಹ್ನ ಶಾಲೆಯಿಂದ ನಡುಗುತ್ತ ಬಂದು ಮಲಗಿದ. ಎರಡು ರಗ್ಗು ಹೊದಿಸಿದರೂ ಮಂಚ ಅಲ್ಲಾಡುತ್ತಿತ್ತು. ಬಿಸಿನೀರು ಕುಡಿಸಲು ಹೋದರೆ ಸ್ಟೀಲ್ ಲೋಟ ಹಲ್ಲಿಗೆ ತಾಗಿ ಕಟಕಟ ಎನ್ನುತ್ತಿತ್ತು. ಸಂಜೆಗೆ ಮೈ ಕೆಂಡ. ರಾತ್ರಿ ದಿಂಬು ತೊಯ್ಯುವಷ್ಟು ಬೆವರಿ ಜ್ವರ ಬಿಟ್ಟಿತು. ಮರುದಿನ ಏನೂ ಆಗದವನಂತೆ ಅಂಗಳದಲ್ಲಿ ಚೆಂಡಾಡಿದ. ಅದರ ಮರುದಿನ ಅದೇ ಹೊತ್ತಿಗೆ ಮತ್ತೆ ನಡುಕ.

ದಿನ ಬಿಟ್ಟು ದಿನ ಬರುವ ಚಳಿಜ್ವರ ಏನೆಂದು ನಮ್ಮ ಅಜ್ಜಿಗೂ ಗೊತ್ತಿತ್ತು. ಆರೋಗ್ಯ ಕೇಂದ್ರಕ್ಕೆ ಮೂರು ಸಲ ಹೋದೆವು. ಮೊದಲ ಸಲ ಪ್ಯಾರಾಸಿಟಮಾಲ್ ಕೊಟ್ಟರು. ಎರಡನೆಯ ಸಲ, ಲ್ಯಾಬ್ ಟೆಕ್ನಿಷಿಯನ್ ವಾರಕ್ಕೆ ಎರಡೇ ದಿನ ಬರುವುದು ಎಂದರು. ಮೂರನೆಯ ಸಲ ಮಂಗಳೂರಿಗೆ ಹೋಗಿ ಬಂದದ್ದನ್ನು ಹೇಳಿ, ಒಮ್ಮೆ ಬೆರಳು ಚುಚ್ಚಿ ನೋಡಿ ಎಂದು ಕೈಮುಗಿದೆ. ಪರೀಕ್ಷೆಯ ಕಿಟ್ ಮುಗಿದಿತ್ತು. ಅಲ್ಲಿದ್ದವರು ಆಡಿದ ಮಾತು ಇಂದಿಗೂ ಕಿವಿಯಲ್ಲಿದೆ: “ಕೊಡಗಿನ ಚಳಿಯಲ್ಲಿ ಎಂಥ ಮಲೇರಿಯಾ? ಬಂದಿದ್ದರೂ ಬಂದು ಹೋಗಲಿ ಬಿಡಿ, ಮಕ್ಕಳಿಗೆ ಒಮ್ಮೆ ಬಂದರೆ ಶಕ್ತಿ ಬೆಳೆಯುತ್ತದೆ.”

ಆರನೆಯ ಸರದಿಗೆ ಮಗ ಎದ್ದು ನಿಲ್ಲಲಾರದಾದ. ಜೀಪು ಬಾಡಿಗೆಗೆ ಹಿಡಿದು ಮೈಸೂರಿಗೆ ಓಡಿದೆವು. ರಕ್ತದಲ್ಲಿ ವೈವಾಕ್ಸ್ ಎಂಬ ಬಗೆಯ ಮಲೇರಿಯಾ. ರಕ್ತ ಸೋಸುವ ಅಂಗವಾದ ಗುಲ್ಮ ಪಕ್ಕೆಲುಬಿನ ಕೆಳಗೆ ಕೈಗೆ ಸಿಗುವಷ್ಟು ಊದಿತ್ತು, ಕಣ್ಣಿನ ರೆಪ್ಪೆಯ ಒಳಗು ಬಿಳುಚಿತ್ತು. ಕಿವಿಯೋಲೆ ಅಡವಿಟ್ಟ ಕಥೆ ಇಲ್ಲಿ ಬೇಡ.

“ಶಕ್ತಿ ಬೆಳೆಯುತ್ತದೆ” ಎಂದದ್ದನ್ನು ಅಲ್ಲಿನ ಮಕ್ಕಳ ವೈದ್ಯರಿಗೆ ಹೇಳಿದೆ. ಅವರು ಔಷಧಿ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತಿಳಿಸಿದರು. ಸೊಳ್ಳೆ ಬಿಟ್ಟ ರೋಗಾಣು ಮೊದಲು ಯಕೃತ್ತಿಗೆ ಹೋಗುತ್ತದೆ, ಅಲ್ಲಿ ಬೆಳೆದು ಕೆಂಪು ರಕ್ತಕಣಗಳಿಗೆ ನುಗ್ಗುತ್ತದೆ. ಸುಮಾರು 48 ಗಂಟೆಗೊಮ್ಮೆ ಆ ಕಣಗಳು ಒಡೆದಾಗ ದೇಹದ ರಕ್ಷಣಾ ಕಣಗಳು ಎಚ್ಚೆತ್ತು ಮೈ ಕಾಯಿಸುತ್ತವೆ. ಕೆಟ್ಟ ಕಣಗಳನ್ನು ಸೋಸಿ ಸೋಸಿ ಗುಲ್ಮ ಊದುತ್ತದೆ, ಜೊತೆಗೆ ಒಳ್ಳೆಯ ಕಣಗಳೂ ನಾಶವಾಗಿ ರಕ್ತಹೀನತೆ ಬರುತ್ತದೆ. ನಾನು ಬರೀ ಜ್ವರವನ್ನು ನೋಡುತ್ತಿದ್ದಾಗ ನನ್ನ ಮಗನ ಪುಟ್ಟ ಮೈ ಒಳಗೊಳಗೇ ಇಷ್ಟು ಹೋರಾಡುತ್ತಿತ್ತು.

ದಡಾರ ಒಮ್ಮೆ ಬಂದರೆ ಸಾಮಾನ್ಯವಾಗಿ ಮತ್ತೆ ಬಾರದು. ಮಲೇರಿಯಾ ಹಾಗಲ್ಲ. ಈ ರೋಗಾಣುವಿನ ಹೊರಮೈ ತಳಿಯಿಂದ ತಳಿಗೆ ಬೇರೆ, ಒಂದನ್ನು ಗುರುತಿಸಲು ಕಲಿತ ಪ್ರತಿಕಾಯ (ರೋಗಾಣುವನ್ನು ಎದುರಿಸಲು ದೇಹವೇ ತಯಾರಿಸುವ ವಸ್ತು) ಇನ್ನೊಂದನ್ನು ಗುರುತಿಸಲಾರದು. ಆಫ್ರಿಕಾದ ಮಲೇರಿಯಾ ಪೀಡಿತ ಊರುಗಳಲ್ಲಿ ಹಸುಗೂಸಿಗೆ ತಾಯಿಯಿಂದ ಬಂದ ಪ್ರತಿಕಾಯಗಳು ಕೆಲವು ತಿಂಗಳು ಕಾವಲಿರುತ್ತವೆ. ಆಮೇಲೆ ಮಗು ಮತ್ತೆ ಮತ್ತೆ ಮಲಗುತ್ತದೆ. ಬದುಕಿ ಬೆಳೆದವರಿಗೆ ವರ್ಷಗಳ ಮೇಲೆ ಒಂದಿಷ್ಟು ಪ್ರತಿರೋಧ ಬರುತ್ತದೆ. ಅದೂ ಪೂರ್ತಿಯಲ್ಲ, ಊರು ಬಿಟ್ಟು ದೂರವಿದ್ದರೆ ಕುಗ್ಗುತ್ತದೆ. 2023ರಲ್ಲಿ ಮಲೇರಿಯಾದಿಂದ ಸತ್ತವರು ಸುಮಾರು 5.97 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆಫ್ರಿಕಾದ ಸಾವುಗಳಲ್ಲಿ ಮುಕ್ಕಾಲು ಪಾಲು ಐದು ವರ್ಷದೊಳಗಿನ ಮಕ್ಕಳದ್ದು. ಬಂದು ಹೋಗಲಿ ಬಿಡಿ ಎಂದವರು ಈ ಲೆಕ್ಕವನ್ನು ಒಮ್ಮೆ ಓದಬೇಕು.

ಕೊಡಗಿನಲ್ಲಿ ಮಲೇರಿಯಾ ಅಪರೂಪ ಎಂಬುದು ನಿಜ. ಹಾಗಾಗಿಯೇ ನಮ್ಮ ಮಕ್ಕಳ ಮೈಗೆ ಅದರ ಪರಿಚಯವಿಲ್ಲ, ತಾಯಂದಿರ ಬಳಿ ಕೊಡಲು ಪ್ರತಿಕಾಯವೂ ಇಲ್ಲ. ಇಂಥ ಊರಿನಲ್ಲಿ ಪರೀಕ್ಷೆ ಒಂದು ದಿನವೂ ತಡವಾಗಬಾರದು.

ಇಲ್ಲಿಗೆ ಮುಗಿಯಲಿಲ್ಲ. ವೈವಾಕ್ಸ್ ರೋಗಾಣು ಯಕೃತ್ತಿನಲ್ಲಿ ಅಡಗಿ ನಿದ್ರಿಸುತ್ತದೆ, ಮುಂದೆಂದೋ ಎದ್ದು ಮತ್ತೆ ಜ್ವರ ತರುತ್ತದೆ. ಆ ನಿದ್ರೆಯಲ್ಲಿರುವುದನ್ನು ದೇಹದ ಪ್ರತಿರೋಧ ಶಕ್ತಿ ಹುಡುಕಿ ಕೊಲ್ಲಲಾರದು. ಅದಕ್ಕೆಂದೇ 14 ದಿನ ಪ್ರಿಮಾಕ್ವಿನ್ ಮಾತ್ರೆ. ರಕ್ತ ಪರೀಕ್ಷಿಸಿದ ಮೇಲೆ ಮೈಸೂರಿನ ವೈದ್ಯರು ಬರೆದುಕೊಟ್ಟರು, ಉಳಿದದ್ದನ್ನು ಊರಿನಲ್ಲೇ ಪಡೆಯಿರಿ ಎಂದರು. ಇಲ್ಲಿ ನಾಲ್ಕು ದಿನದ ಮಾತ್ರೆ ಸಿಕ್ಕಿತು. ಐದನೆಯ ದಿನ ಹೋದರೆ ದಾಸ್ತಾನಿಲ್ಲ, ಜ್ವರ ಬಿಟ್ಟಿದೆಯಲ್ಲ, ಇನ್ನೇಕೆ ಎಂದರು. ಜನವರಿಯಲ್ಲಿ, ಕಾಫಿ ಕೊಯ್ಲಿನ ನಡುವೆ, ಅದೇ ಮಂಚ ಮತ್ತೆ ಅಲ್ಲಾಡಿತು. ಮಗ ನನ್ನನ್ನು ಕೇಳಿದ, “ಅಮ್ಮಾ, ಇದು ಹೋಗುವುದೇ ಇಲ್ಲವಾ?”

ಲಸಿಕೆ ಬಂದಿದೆಯಲ್ಲ ಎನ್ನುತ್ತಾರೆ ಕೆಲವರು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಂದನ್ನು, 2023ರಲ್ಲಿ ಇನ್ನೊಂದನ್ನು ಶಿಫಾರಸು ಮಾಡಿದೆ, ಎರಡನೆಯದು ತಯಾರಾಗುವುದು ಪುಣೆಯಲ್ಲಿ. ಆದರೆ ಎರಡೂ ಫಾಲ್ಸಿಪಾರಂ ಎಂಬ ಇನ್ನೊಂದು ಬಗೆಯ ಮಲೇರಿಯಾಕ್ಕೆ. ನನ್ನ ಮಗನಿಗೆ ಬಂದದ್ದು ವೈವಾಕ್ಸ್. ಅವನಿಗೆ ದಕ್ಕಬೇಕಾಗಿದ್ದದ್ದು ಒಂದು ಹನಿ ರಕ್ತದ ಪರೀಕ್ಷೆ ಮತ್ತು 14 ದಿನದ ಮಾತ್ರೆ, ಅಷ್ಟೇ.

ಮಾನ್ಯರೇ, ನಿಯಮಗಳು ತಮಗೆ ಗೊತ್ತು. 2027ರೊಳಗೆ ದೇಶದಲ್ಲಿ ಸ್ಥಳೀಯ ಮಲೇರಿಯಾ ಪ್ರಕರಣ ಸೊನ್ನೆಗೆ ಇಳಿಯಬೇಕು, 2030ರೊಳಗೆ ನಿರ್ಮೂಲನೆ ಆಗಬೇಕು ಎಂಬುದು ಕೇಂದ್ರದ ಗುರಿ. ಪರೀಕ್ಷೆಯನ್ನೇ ಮಾಡದೆ ಬಂದ ಸೊನ್ನೆ ನಮಗೆ ಬೇಡ. ಅಸ್ಸಾಂ, ಒಡಿಶಾ, ಜಾರ್ಖಂಡ್‌ಗಳಿಂದ ಬಂದ ಕುಟುಂಬಗಳು ನಮ್ಮ ತೋಟದ ಲೈನ್ ಮನೆಗಳಲ್ಲಿವೆ. ಆ ತಾಯಂದಿರಿಗೆ ಕನ್ನಡವೂ ಬಾರದು. ಮೂರು ಸಲ ಹೋಗಿ ಕೈಮುಗಿದ ನನಗೇ ಹೀಗಾದರೆ, ಆ ಮಕ್ಕಳ ಪರವಾಗಿ ಕೇಳುವವರು ಯಾರು?

ಮುಂಗಾರು ಬಂದಿದೆ. ಮಂಗಳೂರಿನಲ್ಲಿ ಮಲೇರಿಯಾ ಏರುವ ಕಾಲವೂ ಇದೇ, ಅಲ್ಲಿಂದ ಇಲ್ಲಿಗೆ ದಿನವೂ ಬಸ್ಸುಗಳಿವೆ. ಆದ್ದರಿಂದ ಮತ್ತೆ ಕೇಳುತ್ತಿದ್ದೇನೆ. ಜ್ವರ ಬಂದ ಮಗುವಿನ ರಕ್ತವನ್ನು ಅದೇ ದಿನ ಪರೀಕ್ಷಿಸಲಿ. ಟೆಕ್ನಿಷಿಯನ್ ಇಲ್ಲದ ದಿನಕ್ಕೆ ಕಿಟ್ ಇರಲಿ. ವೈದ್ಯರು ಬರೆದ 14 ದಿನದ ಮಾತ್ರೆ ಒಂದೇ ಸಲಕ್ಕೆ ಕೈಗೆ ಸಿಗಲಿ. ನಾಲ್ಕನೆಯ ಅರ್ಜಿ ಬೇಕಿದ್ದರೆ ಇದನ್ನೇ ಅರ್ಜಿಯೆಂದು ತಿಳಿಯಿರಿ. ಉತ್ತರವನ್ನು ಮಾತ್ರ ಕಾಗದದಲ್ಲಿ ಬರೆಯಬೇಡಿ, ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಇಡಿಸಿ.

ಇತಿ,
ತಮ್ಮ ಕ್ಷೇತ್ರದ ಮತದಾರಳು, ಏಳು ವರ್ಷದ ಹುಡುಗನ ತಾಯಿ