ಫೋನಿನಲ್ಲಿ ಡಾಕ್ಟರ್: ಬಡಾವಣೆಯವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ‘ಮುಟ್ಟಿ ನೋಡದ ಡಾಕ್ಟರ್ ಎಂಥ ಡಾಕ್ಟರ್’ ಎಂದು ಹಿರಿಯರು ಗೊಣಗುವುದರಲ್ಲಿ ಅರ್ಥ ಇದೆ. ಎದೆನೋವು, ಉಸಿರಾಟದ ತೊಂದರೆ ಬಂದರೆ ವಿಡಿಯೋ ಕರೆ ಬೇಡ, 108ಕ್ಕೆ ಫೋನ್ ಮಾಡಿ. ಆದರೆ ಬರೀ ಶುಗರ್ ರಿಪೋರ್ಟ್ ತೋರಿಸೋಕೆ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸುಮ್ನೆ ಅರ್ಧ ದಿನ ಕಳೆಯಬೇಕಾ?

ಫೋನಿನಲ್ಲೇ ಡಾಕ್ಟರ್ ಜೊತೆ ಮಾತನಾಡಿಸುವ ಸರ್ಕಾರದ ಸೇವೆ ಇ-ಸಂಜೀವನಿ ಉಚಿತ. ಫೋನಿನ ಚಿಕಿತ್ಸೆಗೆ ಇರುವ 2020ರ ಸರ್ಕಾರಿ ಮಾರ್ಗಸೂಚಿ ಪ್ರಕಾರ ಔಷಧಿ ಚೀಟಿಯಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಇರಲೇಬೇಕು. ಯಾವ ಆಪ್ ಆದರೂ ಅದನ್ನು ಮೊದಲು ನೋಡಿ.

ನಿದ್ದೆ ಇಲ್ಲ, ಮನಸ್ಸು ಸರಿ ಇಲ್ಲ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತನಾಡಬಹುದು. ನಮ್ಮ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ, ಅಲ್ವಾ!

ಭಾನುವಾರ ಬೆಳಿಗ್ಗೆ 10ಕ್ಕೆ ಸಮುದಾಯ ಭವನದಲ್ಲಿ ಹುಡುಗರು ಆಪ್ ಹಾಕಿಕೊಡುತ್ತಾರೆ. ಹಳೇ ಚೀಟಿ, ಕನ್ನಡಕ ಮರೆಯದೆ ತನ್ನಿ.