ಡೆಪಾಸಿಟ್ ಮಾಡಿದ ಕೋವಿಗೆ ತುಕ್ಕು

ಸಂಪಾದಕರೇ,

ಎಲೆಕ್ಷನ್ ಬಂತಂದ್ರೆ ನಮ್ಮ ಉಡುಪಿ ಕಡೆ ಹೆಚ್ಚಿನ ಕೃಷಿಕರು ಬೆಳೆ ಕಾಯುವ ಕೋವಿಯನ್ನ ಪೊಲೀಸ್ ಸ್ಟೇಷನ್‌ನಲ್ಲಿ ಡೆಪಾಸಿಟ್ ಮಾಡ್ಬೇಕು, 2024ರಲ್ಲಿ ಓಟು ಏಪ್ರಿಲ್ 26ಕ್ಕೆ, ಕೌಂಟಿಂಗ್ ಜೂನ್ 4ಕ್ಕೆ, ವಾಪಸ್ ಸಿಗುವಾಗ ಮಳೆಗಾಲ. ನಳಿಗೆ ಒಳಗೆಲ್ಲ ಕೆಂಪು ತುಕ್ಕು. ನಳಿಗೆಯ ಬಾಯಿಂದ ಕರಿಮದ್ದು ತುಂಬಿಸಿ ಕೇಪು ಇಟ್ಟು ಹೊಡೆಯುವ ಕೇಪಿನ ಕೋವಿಯದ್ದಂತೂ ಕೇಳುದೇ ಬೇಡ, ಕರಿಮದ್ದಿನ ಮಸಿ ಗಾಳಿಯ ಪಸೆ ಎಳ್ಕೊಳ್ತದೆ, ಬರೀ ಎಣ್ಣೆ ಹಚ್ಚಿದ್ರೆ ಸಾಲುದಿಲ್ಲ, ಮೊದ್ಲು ಖಾಲಿ ಉಂಟಾ ನೋಡಿ, ಬಿಸಿ ಸೋಪ್ ನೀರಲ್ಲಿ ತೊಳ್ದು, ಬಟ್ಟೆ ಕಪ್ಪಾಗುದು ನಿಲ್ಲುವವರೆಗೆ ಒರೆಸಿ, ಪೂರಾ ಒಣಗಿದ ಮೇಲೆ ತೆಳ್ಳಗೆ ಗನ್ ಆಯಿಲ್ ಹಾಕ್ಬೇಕು. ಹೊಸ ಲೈಸೆನ್ಸಿನವ್ರು ಕೆಲವರು ತೆಂಗಿನೆಣ್ಣೆ ಹಚ್ತಾರೆ, ದಿನ ಹೋದ ಹಾಗೆ ಅಂಟಾಗ್ತದೆ ಮಾರಾಯ್ರೆ. ಇಷ್ಟು ನಮ್ಮ ಕೆಲ್ಸ, ಒಪ್ಪಿದೆ. ಆದ್ರೆ ಗೋಣಿಯಲ್ಲಿ ಸುತ್ತಿ ಒದ್ದೆ ಗೋಡೆಗೆ ಒರಗಿಸಿಡುವ ಬದ್ಲು ಗಾಳಿಯಾಡುವ ರ‍್ಯಾಕಲ್ಲಿ ಇಡ್ಲಿಕ್ಕೆ ಸ್ಟೇಷನ್‌ನವ್ರಿಗೆ ಎಂತ ಕಷ್ಟ?

– ಒಬ್ಬ ಕೃಷಿಕ, ಹಿರಿಯಡ್ಕ