ಕೇಬಲ್ ಕತ್ತರಿಸದೆ ಆಂಪಿಯರ್ ಅಳೆಯಲಿ

ಮಾನ್ಯ ಸಂಪಾದಕರೇ,

ಕಾಫಿ ಹೂವಿಗೆ ಸ್ಪ್ರಿಂಕ್ಲರ್ ನೀರು ಕೊಡುವ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಮೋಟಾರ್ ಸುಡುವುದು ಕೊಡಗಿನ ಬೆಳೆಗಾರರಿಗೆ ಹೊಸದಲ್ಲ. ಈ ಸಲ ನಮ್ಮ ಕೆರೆಯ 10 ಎಚ್‌.ಪಿ. ಮೋಟಾರಿನ ಸರದಿ. ಮೋಟಾರ್ ಗುಂಯ್‌ಗುಟ್ಟುತ್ತಿದೆಯೆಂದು ಕರೆಸಿದಾಗ ಬಂದ ಲೈನ್‌ಮನ್ ಮೂರೂ ಫೇಸಿಗೆ (ಮೋಟಾರಿಗೆ ಕರೆಂಟ್ ತರುವ ಮೂರು ತಂತಿಗಳಿಗೆ) ಟೆಸ್ಟರ್ ಹಚ್ಚಿ, ದೀಪ ಹತ್ತಿದ್ದನ್ನು ನೋಡಿ, ‘ಕರೆಂಟ್ ಸರಿ ಇದೆ’ ಎಂದು ಹೊರಟುಹೋದರು. ಅದೇ ಸಂಜೆ ವೈಂಡಿಂಗ್ ಸುಟ್ಟಿತು. ಆಮೇಲೆ ನೋಡಿದರೆ ಫ್ಯೂಸ್ ತಂತಿ ಕೂರಿಸುವ ಕ್ಯಾರಿಯರ್ ಒಂದರ ತುದಿ ಕಪ್ಪುಗಟ್ಟಿ ಒಂದು ಫೇಸ್ ಕಡಿದೇಹೋಗಿತ್ತು. ಓಡುತ್ತಿರುವ ಮೋಟಾರೇ ಕಡಿದ ಫೇಸಿಗೆ ಹಿಂದಿನಿಂದ ವೋಲ್ಟೇಜ್ ಕೊಡುವುದರಿಂದ ಅಲ್ಲಿಯೂ ಟೆಸ್ಟರ್ ಹತ್ತಿತ್ತು. (ಪದೇಪದೇ ಟ್ರಿಪ್ ಆಗುತ್ತದೆಂದು ಹೆಚ್ಚು ಕರೆಂಟ್ ಹರಿದರೆ ಮೋಟಾರನ್ನು ತಾನೇ ನಿಲ್ಲಿಸುವ ಓವರ್‌ಲೋಡ್ ರಿಲೇಯನ್ನು ಬೈಪಾಸ್ ಮಾಡಿಸಿದ್ದು ನಮ್ಮದೇ ತಪ್ಪು.)

ಟಾಂಗ್ ಟೆಸ್ಟರ್ ಎಂದು ಎಲೆಕ್ಟ್ರಿಷಿಯನ್ನರು ಕರೆಯುವ ಕ್ಲ್ಯಾಂಪ್ ಮೀಟರ್ ಕೈಯಲ್ಲಿದ್ದಿದ್ದರೆ ಈ ದೋಷ ಒಂದೇ ನಿಮಿಷದಲ್ಲಿ ಸಿಗುತ್ತಿತ್ತು. ವಿದ್ಯುತ್ ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರ ಉಂಟಾಗುತ್ತದೆ. ತಂತಿಯನ್ನು ಕತ್ತರಿಸದೆ, ಅದರ ಹೊದಿಕೆಯನ್ನೂ ಸುಲಿಯದೆ, ಮೀಟರಿನ ದವಡೆಯೊಳಗೆ ತೂರಿಸಿದರೆ ಆ ಕ್ಷೇತ್ರದ ಬಲದಿಂದಲೇ ಆಂಪಿಯರ್, ಅಂದರೆ ಹರಿಯುವ ಕರೆಂಟಿನ ಪ್ರಮಾಣ, ತಿಳಿಯುತ್ತದೆ. ನಮ್ಮಂಥ ಮೋಟಾರ್ ಪೂರ್ಣ ಹೊರೆಯಲ್ಲಿ ಪ್ರತಿ ಫೇಸಿನಲ್ಲಿ ಸುಮಾರು 14 ಆಂಪಿಯರ್ ಎಳೆಯಬೇಕು. ಒಂದರಲ್ಲಿ ಸೊನ್ನೆ, ಉಳಿದೆರಡರಲ್ಲಿ 20 ದಾಟಿದ ಅಂಕಿ ಕಂಡರೆ ಕೂಡಲೇ ಆಫ್ ಮಾಡಬೇಕು.

ಮೀಟರ್ ಇದ್ದವರೂ ಎಡವುವುದುಂಟು. ಇಡೀ ಕೇಬಲನ್ನೇ ದವಡೆಯೊಳಗೆ ಹಾಕಿದರೆ ಒಳಗಿನ ತಂತಿಗಳ ಕಾಂತಕ್ಷೇತ್ರಗಳು ಒಂದನ್ನೊಂದು ಅಳಿಸಿ ಸೊನ್ನೆ ತೋರಿಸುತ್ತವೆ, ಆದ್ದರಿಂದ ಒಂದೊಂದೇ ತಂತಿಯನ್ನು ಹಾಕಬೇಕು. ಮೋಟಾರನ್ನು ಮೊದಲು ಕಡಿಮೆ ಕರೆಂಟಿನಲ್ಲಿ ಶುರುಮಾಡುವ ಸ್ಟಾರ್ ಡೆಲ್ಟಾ ಸ್ಟಾರ್ಟರಿನಿಂದ ಮೋಟಾರಿಗೆ ಹೋಗುವ 6 ತಂತಿಗಳಲ್ಲಿ ಹರಿಯುವುದು ಲೈನ್ ಕರೆಂಟಿನ (ಸ್ಟಾರ್ಟರಿಗೆ ಬರುವ ಕರೆಂಟಿನ) ಶೇ 58ರಷ್ಟೇ. ಹಾಗಾಗಿ ಸ್ಟಾರ್ಟರಿಗೆ ಬರುವ ತಂತಿಗಳಲ್ಲಿಯೇ ಅಳೆಯುವುದು ಸರಿ. ಇಡೀ ಕೇಬಲ್ ಹಾಕಿದಾಗಲೂ ಅಂಕಿ ಉಳಿದರೆ ಎಲ್ಲಿಯೋ ವಿದ್ಯುತ್ ನೆಲಕ್ಕೆ ಸೋರುತ್ತಿದೆ ಎಂದರ್ಥ. ಮಳೆಗಾಲದಲ್ಲಿ ಒದ್ದೆ ಪಂಪ್‌ಹೌಸಿನೊಳಗೆ ಕಾಲಿಡುವವರಿಗೆ ಇದು ಜೀವದ ಪ್ರಶ್ನೆ. ಆದರೆ ಮಿಲಿಆಂಪಿಯರ್‌ಗಳ ಸೋರಿಕೆ ಸಾಮಾನ್ಯ ಟಾಂಗ್ ಟೆಸ್ಟರಿಗೆ ಸಿಕ್ಕದು, ಅದಕ್ಕೆಂದೇ ಇರುವ ಮೀಟರ್ ಬೇಕು.

ಪಂಪ್‌ಸೆಟ್ ದೂರಿಗೆ ಹೋಗುವ ಲೈನ್‌ಮನ್‌ಗಳಿಗೆ ಈ ಉಪಕರಣವನ್ನು ಒದಗಿಸಿ, ಮೂರೂ ಫೇಸಿನ ಆಂಪಿಯರನ್ನು ದೂರಿನ ಪುಸ್ತಕದಲ್ಲಿ ಬರೆಯುವುದನ್ನು ಬರುವ ಹೂವಿನ ಕಾಲಕ್ಕೆ ಮುನ್ನವೇ ಕಡ್ಡಾಯ ಮಾಡಬೇಕೆಂದು ಸಂಬಂಧಪಟ್ಟವರನ್ನು ಕೋರುತ್ತೇನೆ.

– ಕಾಫಿ ಬೆಳೆಗಾರ, ವಿರಾಜಪೇಟೆ ತಾಲ್ಲೂಕು, ಕೊಡಗು